‘ಬಿಸಿಲು ಎಷ್ಟು ಹೊತ್ತು ಬೀಳುತ್ತೆ?’: ಸಣ್ಣ ನರ್ಸರಿಯನ್ನು ಇವತ್ತಿನ ಗಿರಾಕಿಗೆ ಹೊಂದಿಸುವುದು ಹೇಗೆ

ಶನಿವಾರ ಬೆಳಿಗ್ಗೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ಹಿಂದೆ ಅಲ್ಲಿಗೆ ಬರುತ್ತಿದ್ದವರು ‘ಎರಡು ದಾಸವಾಳ, ಒಂದು ಕಸಿ ಮಾವು’ ಅಂತ ಗಿಡದ ಹೆಸರು ಹಿಡಿದೇ ಕೇಳುತ್ತಿದ್ದರು. ಮನೆ ಮುಂದೆಯೋ ಹಿತ್ತಿಲಲ್ಲೋ ಒಂದಿಷ್ಟು ಮಣ್ಣಿತ್ತು. ಈಗ 30×40 ಸೈಟಿನಲ್ಲಿ ಮನೆ ಅಂಚಿನಿಂದ ಅಂಚಿಗೆ ಎದ್ದಿದೆ. ಉಳಿದವರು ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಕೇಳುವ ಮಾತೂ ಬೇರೆಯಾಗಿದೆ: ‘ಅಣ್ಣಾ, ಬಾಲ್ಕನಿಗೆ ಏನಾದ್ರೂ ಕೊಡಿ. ಜಾಸ್ತಿ ನೀರು ಕೇಳಬಾರದು. ಸಾಯಬಾರದು.’

ಆ ಕೊನೆಯ ಮಾತನ್ನು ಸ್ವಲ್ಪ ಗಮನಿಸಿ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತ ಎಷ್ಟೋ ಜನ ಮೊದಲ ಸಲ ಕೊತ್ತಂಬರಿ ಬಿತ್ತಿದರು, ಗಿಡ ಬೆಳೆಸುವ ಚೀಲ, ಅಂದರೆ ಗ್ರೋ ಬ್ಯಾಗ್ ತಂದರು. ಆಫೀಸು ಶುರುವಾದ ಮೇಲೆ ಅರ್ಧಕ್ಕರ್ಧ ಒಣಗಿತು. ಆ ಖಾಲಿ ಕುಂಡಗಳು ಈಗಲೂ ತಾರಸಿಯ ಮೂಲೆಯಲ್ಲಿವೆ, ಆಸೆಯೂ ಉಳಿದಿದೆ. ನಿಮ್ಮ ಗೇಟಿನ ಒಳಗೆ ಬರುತ್ತಿರುವವರಲ್ಲಿ ಇಂಥವರೇ ಜಾಸ್ತಿ. ಒಮ್ಮೆ ಸೋತವರು. ಇವರಿಗೆ ಗಿಡ ಮಾರುವುದು ಕಷ್ಟವಲ್ಲ, ಎರಡನೇ ಗಿಡ ಮಾರುವುದು ಕಷ್ಟ. ಮೊದಲನೆಯದು ಬದುಕಿದರೆ ಮಾತ್ರ ಅವರು ಮತ್ತೆ ಬರುತ್ತಾರೆ.

ಇದನ್ನೇ ತಲೆಯಲ್ಲಿಟ್ಟುಕೊಂಡು ಅಂಗಡಿಯನ್ನು ಹೇಗೆ ಬದಲಿಸಬಹುದು ನೋಡೋಣ. ದೊಡ್ಡ ಬಂಡವಾಳ ಬೇಡ.

ಹೆಜ್ಜೆ 1: ಒಂದು ನೋಟ್‌ಬುಕ್ ಇಡಿ

ಟ್ರೆಂಡ್ ಏನು ಅಂತ ಇನ್‌ಸ್ಟಾಗ್ರಾಂ ನೋಡಿ ತಿಳಿಯಲು ಹೋಗಬೇಡಿ. ಅಲ್ಲಿ ಎಲೆ ತೂತು ತೂತಾದ ಮಾನ್‌ಸ್ಟೆರಾ ಕುಣಿಯುತ್ತಿರುತ್ತದೆ, ನಿಮ್ಮ ಬೀದಿಯವರು ದವನ ಕೇಳುತ್ತಿರುತ್ತಾರೆ. ಗೇಟಿನ ಹತ್ತಿರ ಒಂದು ನೋಟ್‌ಬುಕ್ ಇಡಿ. ಗಿರಾಕಿ ಕೇಳಿದ್ದು ನಿಮ್ಮಲ್ಲಿ ಇಲ್ಲದಿದ್ದರೆ ಅದನ್ನು ಬರೆಯಿರಿ. ಮಾರಿದ್ದರ ಲೆಕ್ಕ ಎಲ್ಲರೂ ಇಡುತ್ತಾರೆ, ಕೇಳಿ ಬರಿಗೈಲಿ ಹೋದವರ ಲೆಕ್ಕ ಯಾರೂ ಇಡುವುದಿಲ್ಲ. ಒಂದು ತಿಂಗಳು ಬರೆದರೆ ಸಾಕು, ಮುಂದಿನ ಲೋಡಿಗೆ ಏನು ಆರ್ಡರ್ ಮಾಡಬೇಕು ಅಂತ ಅದೇ ಹೇಳುತ್ತದೆ.

ಊರಿಂದ ಊರಿಗೆ ಇದು ಬೇರೆ. ಉಡುಪಿ ಕಡೆ ತಾರಸಿಯಲ್ಲಿ ಕುಂಡದಲ್ಲೇ ಶಂಕರಪುರ ಮಲ್ಲಿಗೆ ಬೆಳೆದು ಮಾರುವ ಮನೆಗಳಿವೆ. ಅಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಗಿರಾಕಿಗೆ ಗಿಡ ಅಂದರೆ ಆದಾಯ. ಅವರಿಗೆ ಪಿಂಗಾಣಿ ಕುಂಡದ ಮೇಲಿನ ಬುದ್ಧನ ಮುಖ ತೋರಿಸಿ ಪ್ರಯೋಜನವಿಲ್ಲ.

ಹೆಜ್ಜೆ 2: ಗಿಡಗಳನ್ನು ಬಿಸಿಲಿನ ಪ್ರಕಾರ ಜೋಡಿಸಿ

ಹೆಚ್ಚಿನ ನರ್ಸರಿಗಳಲ್ಲಿ ಹೂವಿನ ಗಿಡ ಒಂದು ಕಡೆ, ಹಣ್ಣಿನದು ಇನ್ನೊಂದು ಕಡೆ. ಬೆಳೆಸಿ ಗೊತ್ತಿದ್ದವರಿಗೆ ಇದು ಸರಿ. ಹೊಸಬರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಗುಲಾಬಿ ಚೆಂದ ಇದೆ ಅಂತ ಒಯ್ದು, ಬಿಸಿಲೇ ಬೀಳದ ಉತ್ತರದ ಬಾಲ್ಕನಿಯಲ್ಲಿ ಇಡುತ್ತಾರೆ. ಆಮೇಲೆ ‘ನರ್ಸರಿಯವರು ಇಂಜೆಕ್ಷನ್ ಕೊಟ್ಟು ಹೂ ಬಿಡಿಸಿರ್ತಾರೆ’ ಅಂತ ಊರೆಲ್ಲ ಹೇಳುತ್ತಾರೆ!

ಅಂಗಡಿಯನ್ನು ಮೂರು ಭಾಗ ಮಾಡಿ, ಮೂರು ಬೋರ್ಡು ಹಾಕಿ. ‘ದಿನಕ್ಕೆ 6 ತಾಸು ಬಿಸಿಲು’: ಟೊಮೆಟೊ, ಬದನೆ, ಮೆಣಸಿನಕಾಯಿ, ಗುಲಾಬಿ, ದಾಸವಾಳ, ಮಲ್ಲಿಗೆ. ‘3–4 ತಾಸು ಬಿಸಿಲು’: ಪುದೀನ, ದೊಡ್ಡಪತ್ರೆ, ಬಸಳೆ, ಪಾಲಕ್. ‘ಕಿಟಕಿ ಬೆಳಕು ಸಾಕು’: ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್, ಪೀಸ್ ಲಿಲಿ. ಗಿರಾಕಿ ಬಂದ ಕೂಡಲೇ ನಿಮ್ಮ ಹುಡುಗರು ‘ಏನ್ ಬೇಕು ಮೇಡಂ?’ ಅನ್ನುವ ಬದಲು ‘ಗಿಡ ಇಡೋ ಜಾಗದಲ್ಲಿ ಬಿಸಿಲು ಎಷ್ಟು ಹೊತ್ತು ಬೀಳುತ್ತೆ?’ ಅಂತ ಕೇಳಲಿ. ಫೋನಿನಲ್ಲಿ ಬಾಲ್ಕನಿಯ ಫೋಟೊ ಇದ್ದರೆ ತೋರಿಸಲು ಹೇಳಲಿ. ಈ ಒಂದು ಪ್ರಶ್ನೆಗೆ ಖರ್ಚೇ ಇಲ್ಲ. ಆನ್‌ಲೈನಿನಲ್ಲಿ ಡಬ್ಬಿಯೊಳಗೆ ಗಿಡ ಕಳಿಸುವವರಿಗೆ ಇದನ್ನು ಹೀಗೆ ಎದುರಿಗೆ ನಿಂತು ಕೇಳಲು ಆಗುವುದಿಲ್ಲ.

ಹೆಜ್ಜೆ 3: ತರಕಾರಿ ಮೂಲೆ – ಬೀಜಕ್ಕಿಂತ ಸಸಿ, ಮಣ್ಣಿಗಿಂತ ಮಿಶ್ರಣ

ತಾರಸಿ ತೋಟ ಬೆಂಗಳೂರಿಗೆ ಹೊಸದಲ್ಲ. 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಸಂತೆಗೆ ಹೋದವರಿಗೆ ಗೊತ್ತು, ಸೋರೆಕಾಯಿಯನ್ನು ಮಗುವಿನಂತೆ ಎತ್ತಿ ತೋರಿಸುವ ಅಜ್ಜಂದಿರು ಅಲ್ಲಿ ಸಿಗುತ್ತಾರೆ. ಅವರು ಪಳಗಿದವರು. ಬೀಜ ಸಾಕು ಅವರಿಗೆ. ಹೊಸಬರು ಬೀಜದಲ್ಲೇ ಸೋಲುತ್ತಾರೆ. ಆಳವಾಗಿ ಹೂತು, ನೀರು ಜಾಸ್ತಿ ಹಾಕಿ, ಹತ್ತು ದಿನದ ಮೇಲೆ ಕೈಬಿಡುತ್ತಾರೆ. ಅವರಿಗೆ ಪ್ರೋಟ್ರೇ (ಸಾಲು ಸಾಲು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ) ಸಸಿ ಮಾರಿ. 98 ಗುಳಿಯ ಒಂದು ಟ್ರೇಯಲ್ಲಿ ಟೊಮೆಟೊ ಬಿತ್ತಿದರೆ ಸುಮಾರು 25 ದಿನಕ್ಕೆ ನಾಟಿಗೆ ಬರುತ್ತದೆ. ರೈತರು ಟ್ರೇಗಟ್ಟಲೆ ಕೊಳ್ಳುತ್ತಾರೆ. ಮನೆಯವರಿಗೆ ನಾಲ್ಕು ಟೊಮೆಟೊ, ಎರಡು ಬದನೆ, ಎರಡು ಮೆಣಸಿನ ಸಸಿ ಸೇರಿಸಿ ಒಂದು ಕಟ್ಟು ಮಾಡಿ ಕೊಡಿ.

ತಳಿ ಆರಿಸುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳನ್ನು ನೋಡಿ. ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುರುಟು, ಸೊರಗು, ಅಂಗಮಾರಿ ಈ ಮೂರೂ ರೋಗಗಳನ್ನು ತಡೆಯುವ ಹೈಬ್ರಿಡ್. ಔಷಧಿ ಹೊಡೆಯಲು ಮನಸ್ಸಿಲ್ಲದ ತಾರಸಿ ಗಿರಾಕಿಗೆ ಇಂಥದ್ದು ಒಳ್ಳೆಯದು. ಅರ್ಕಾ ಸುಗುಣ ಹರಿವೆಯನ್ನು ಕಿತ್ತುಹಾಕದೆ ಮತ್ತೆ ಮತ್ತೆ ಕೊಯ್ಯಬಹುದು. ಜಾಗ ಕಡಿಮೆ ಇರುವವರಿಗೆ ಇದನ್ನು ಬಿಡಿಸಿ ಹೇಳಿದರೆ ಖುಷಿಯಾಗಿ ಒಯ್ಯುತ್ತಾರೆ.

ಇನ್ನು ಮಣ್ಣು. ಇದರಲ್ಲೇ ನಿಮ್ಮ ನಿಜವಾದ ವ್ಯಾಪಾರ ಇದೆ. ಮೂರನೇ ಮಹಡಿಯ ಮನೆಯವರು ಕೆಮ್ಮಣ್ಣಿನ ಮೂಟೆ, ಗೊಬ್ಬರದ ಮೂಟೆ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಬೇರೆ ಬೇರೆ ಹೊತ್ತು, ತಾರಸಿಯಲ್ಲಿ ಕೂತು ಕಲಸಲು ತಯಾರಿಲ್ಲ. ಕಲಸಿದ ಮಿಶ್ರಣವನ್ನು ಕೊಡಿ. ಲೆಕ್ಕ ಹೀಗೆ. 12×12 ಇಂಚಿನ ಗ್ರೋ ಬ್ಯಾಗಿನ ಒಳಅಳತೆ ಸುಮಾರು 22 ಲೀಟರ್. ಮೇಲೆ ಎರಡು ಇಂಚು ಬಿಟ್ಟರೆ ಸುಮಾರು 18 ಲೀಟರ್ ಮಿಶ್ರಣ ಬೇಕು. 5 ಕಿಲೊ ಕೊಕೊಪೀಟ್ ಬ್ಲಾಕ್ ನೀರು ಕುಡಿದು ಉಬ್ಬಿದರೆ ಹೆಚ್ಚು ಕಡಿಮೆ 70 ಲೀಟರ್ ಆಗುತ್ತದೆ. ಅಷ್ಟೇ ಮಣ್ಣು, ಅಷ್ಟೇ ಎರೆಗೊಬ್ಬರ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಕಲಸಿ ಕುಗ್ಗಿದ ಮೇಲೂ ಹತ್ತು ಚೀಲ ತುಂಬುತ್ತದೆ. ನಿಮ್ಮ ಖರೀದಿ ಬೆಲೆಯನ್ನು ಹತ್ತರಿಂದ ಭಾಗಿಸಿ, ಕೂಲಿ ಸೇರಿಸಿ. ಒಂದು ಚೀಲದ ಅಸಲು ಸಿಕ್ಕಿತು.

ಈ ಮಿಶ್ರಣ ಹಗುರ. ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದ ಅದೇ ಚೀಲ 30 ಕಿಲೊ ಹತ್ತಿರ ತೂಗುತ್ತದೆ. ತಾರಸಿ ಸೋರುತ್ತದೆ ಅಂತ ಹೆದರುವ ಮನೆ ಮಾಲೀಕರಿಗೆ ಈ ತೂಕದ ಮಾತು ತಕ್ಷಣ ಅರ್ಥವಾಗುತ್ತದೆ. ಒಂದು ಎಚ್ಚರಿಕೆ: ತೊಳೆಯದ ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ ನೇರವಾಗಿ ಕಲಸಿದರೆ ಎಲೆಯ ಅಂಚು ಸುಡುತ್ತದೆ. ಎರಡು ಮೂರು ಸಲ ನೀರಲ್ಲಿ ನೆನೆಸಿ ಬಸಿಯಿರಿ.

ಹೆಜ್ಜೆ 4: ನೀರಿನ ಮಾತನ್ನು ಮೊದಲೇ ಆಡಿ

2024ರ ಮಾರ್ಚ್ ನೆನಪಿದೆ ಅಲ್ವಾ? ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತು. ಆ ಬೇಸಿಗೆಯ ಭಯ ಗಿರಾಕಿಗಳಲ್ಲಿ ಇನ್ನೂ ಇದೆ. ಜನವರಿ ಮುಗಿಯುವ ಹೊತ್ತಿಗೆ ಅಂಗಡಿಯ ಮುಂದಿನ ಸಾಲನ್ನು ಬದಲಿಸಿ. ಬೋಗನ್‌ವಿಲ್ಲಾ, ಲೋಳೆಸರ, ಕಣಗಿಲೆ, ದೇವಕಣಗಿಲೆ ಮುಂದೆ ಬರಲಿ. ತಳದಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಕುಂಡ, ಸಣ್ಣ ಡ್ರಿಪ್ ಕಿಟ್, ಕುಂಡದ ಮಣ್ಣಿನ ಮೇಲೆ ಮುಚ್ಚಿಗೆ ಹಾಸಲು ತೆಂಗಿನ ಸಿಪ್ಪೆಯ ಚೂರು ಪಕ್ಕದಲ್ಲೇ ಇರಲಿ.

ಮಣ್ಣಿನ ಕುಂಡ ನೋಡಲು ಚೆಂದ, ಬೇರಿಗೂ ಒಳ್ಳೆಯದು. ಆದರೆ ಗೋಡೆಯಿಂದಲೇ ನೀರು ಆರಿಹೋಗುವುದರಿಂದ ಪ್ಲಾಸ್ಟಿಕ್ಕಿಗಿಂತ ಬೇಗ ಒಣಗುತ್ತದೆ. ಮಾರುವಾಗಲೇ ಹೇಳಿ. ಕೆಲವರು ಆರ್‌ಒ ಮಶೀನು ಹೊರಬಿಡುವ ತ್ಯಾಜ್ಯ ನೀರನ್ನು ದಿನಾ ಹಾಕುತ್ತಾರೆ. ಅದರಲ್ಲಿ ಲವಣ ಜಾಸ್ತಿ. ಕುಂಡದ ಮೇಲೆ ಬಿಳಿ ಪದರ ಕಟ್ಟಿದ್ದು ಕಂಡರೆ ಕಾರಣ ಬಹುಶಃ ಅದೇ. ಅಕ್ಕಿ ತೊಳೆದ ನೀರು ಹಾಕಲು ಹೇಳಿ.

ಹೆಜ್ಜೆ 5: ಮನೆಯೊಳಗಿನ ಗಿಡದ ಬಗ್ಗೆ ಸುಳ್ಳು ಬೋರ್ಡು ಬೇಡ

‘ಗಾಳಿ ಶುದ್ಧ ಮಾಡುವ ಗಿಡ’ ಎಂಬ ಬೋರ್ಡು ಈಗ ಎಲ್ಲೆಲ್ಲೂ ಇದೆ. ಇದರ ಬೇರು 1989ರ ನಾಸಾ ಪ್ರಯೋಗದಲ್ಲಿದೆ. ಅದನ್ನು ಮಾಡಿದ್ದು ಬಿಗಿಯಾಗಿ ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ. ಮನೆಯಲ್ಲಿ ಕಿಟಕಿ ಬಾಗಿಲಿನಿಂದ ಆಡುವ ಗಾಳಿ ಮಾಡುವಷ್ಟು ಶುದ್ಧಿಯನ್ನು ಗಿಡಗಳೇ ಮಾಡಬೇಕೆಂದರೆ ಒಂದು ಚದರ ಮೀಟರಿಗೆ ಕನಿಷ್ಠ ಹತ್ತು ಗಿಡವಾದರೂ ಬೇಕು ಎಂದು 2019ರಲ್ಲಿ ಬಂದ ವಿಶ್ಲೇಷಣೆ ಲೆಕ್ಕ ಹಾಕಿತು. ಅಂದರೆ ಮನೆಯ ಹಾಲ್‌ನಲ್ಲಿ ಮನುಷ್ಯರಿಗೆ ಜಾಗ ಇರುವುದಿಲ್ಲ. ಗಿಡ ಕಣ್ಣಿಗೆ ತಂಪು ಅಂತ ಹೇಳಿ ಮಾರಿ, ಅದು ನಿಜ.

ಅದರ ಬದಲು ಇನ್ನೊಂದು ಚೀಟಿ ಅಂಟಿಸಿ. ಡೈಫೆನ್‌ಬಾಕಿಯಾ, ಫಿಲೊಡೆಂಡ್ರಾನ್, ಮನಿ ಪ್ಲಾಂಟ್ ಎಲೆಗಳನ್ನು ಮಕ್ಕಳೋ ಬೆಕ್ಕೋ ಅಗಿದರೆ ಬಾಯಿ ಉರಿಯುತ್ತದೆ, ಊದಿಕೊಳ್ಳುತ್ತದೆ. ಮನೆಯಲ್ಲಿ ಬೆಕ್ಕು ಸಾಕುವವರು ಈಗ ಜಾಸ್ತಿ. ಕೇಳುವ ಮೊದಲೇ ಹೇಳಿದ ಅಂಗಡಿಯನ್ನು ಅವರು ಮರೆಯುವುದಿಲ್ಲ.

ಹೆಜ್ಜೆ 6: ಲೋಡ್ ಬಂದ ದಿನವೇ ಮಾರಬೇಡಿ

ನಮ್ಮ ನರ್ಸರಿಗಳಿಗೆ ಆಂಧ್ರದ ಕಡಿಯಂ, ಪುಣೆ ಕಡೆಯಿಂದ ಲಾರಿಗಟ್ಟಲೆ ಗಿಡ ಬರುತ್ತದೆ. ಗೋದಾವರಿ ತೀರದ ಸೆಖೆಯಲ್ಲಿ ಬೆಳೆದು, ಲಾರಿಯಲ್ಲಿ ರಾತ್ರಿಯಿಡೀ ಕುಲುಕಾಡಿ ಇಳಿದ ಗಿಡವನ್ನು ಅದೇ ಮಧ್ಯಾಹ್ನ ಮಾರಿದರೆ ವಾರದಲ್ಲಿ ಎಲೆ ಉದುರುತ್ತದೆ. ಹತ್ತು ಹದಿನೈದು ದಿನ ಶೇಡ್ ನೆಟ್ (ನೆರಳು ಬಲೆ) ಕೆಳಗೆ ಇಡಿ. ಎಲೆಯ ಅಡಿ ಹಿಟ್ಟು ತಿಗಣೆ, ಬಿಳಿ ನೊಣ ಇದೆಯಾ ನೋಡಿ. ಬೇರಿನ ಸುತ್ತ ಅಂಟು ಜೇಡಿ ಮಣ್ಣು ಗಟ್ಟಿಯಾಗಿ ಕೂತಿದ್ದರೆ ಗಿರಾಕಿಗೆ ತೋರಿಸಿ, ಅದನ್ನು ಹೇಗೆ ಮೆಲ್ಲಗೆ ಸಡಿಲಿಸಬೇಕು ಅಂತ ಹೇಳಿಕೊಡಿ.

ಸತ್ತ ಗಿಡವನ್ನೂ ಲೆಕ್ಕಕ್ಕೆ ಹಿಡಿಯಿರಿ. 40 ರೂಪಾಯಿಯಂತೆ 100 ಗಿಡ ತಂದಿರಿ, 15 ಸತ್ತವು ಅಂದುಕೊಳ್ಳಿ. ಉಳಿದ ಒಂದೊಂದರ ಅಸಲು 47 ರೂಪಾಯಿ. ಎಷ್ಟೋ ಜನ 40ರ ಮೇಲೆ ಲಾಭ ಇಟ್ಟು, ದುಡ್ಡು ಎಲ್ಲಿ ಹೋಯಿತು ಅಂತ ಹುಡುಕುತ್ತಿರುತ್ತಾರೆ.

ಹೆಜ್ಜೆ 7: ಗಿಡದ ಜೊತೆ ಕೆಲಸವನ್ನೂ ಮಾರಿ

ಕುಂಡ ಬದಲಿಸಿ ಕೊಡುವುದು, ತಿಂಗಳಿಗೊಮ್ಮೆ ಮನೆಗೆ ಹೋಗಿ ಕೊಂಬೆ ಸವರಿ ಗೊಬ್ಬರ ಹಾಕುವುದು, ದಸರಾ ರಜೆಗೆ ಊರಿಗೆ ಹೋಗುವವರ ಕುಂಡಗಳನ್ನು ದಿನಕ್ಕಿಷ್ಟು ಅಂತ ನೋಡಿಕೊಳ್ಳುವುದು. ಇವಕ್ಕೆಲ್ಲ ಜನ ದುಡ್ಡು ಕೊಡುತ್ತಾರೆ. ಗೃಹಪ್ರವೇಶ, ಮದುವೆಯ ತಾಂಬೂಲಕ್ಕೆ ಸಸಿ ಕೊಡುವವರೂ ಹೆಚ್ಚಾಗಿದ್ದಾರೆ. ತುಳಸಿ, ಕರಿಬೇವು ಸಣ್ಣ ಕುಂಡದಲ್ಲಿ ಸದಾ ತಯಾರಿರಲಿ.

ವಾಟ್ಸ್‌ಆ್ಯಪ್‌ನಲ್ಲಿ ಗಿಡದ ಫೋಟೊ ಕಳಿಸಿದರೆ ಉತ್ತರ ಕೊಡುತ್ತೇವೆ ಅಂತ ಹೇಳಿ, ಆದರೆ ಉತ್ತರ ಸರಿ ಇರಲಿ. ಒಂದು ನರ್ಸರಿಯಲ್ಲಿ ನಾನು ನಿಂತಿದ್ದಾಗ ಒಬ್ಬ ಅಮ್ಮ ಕರಿಬೇವಿನ ಫೋಟೊ ತೋರಿಸಿ, ‘ಎಲೆ ಮೇಲೆ ಹಕ್ಕಿ ಹಿಕ್ಕೆ ತರ ಏನೋ ಇದೆ, ನೋಡಿದ್ರೆ ಹುಳು’ ಅಂದರು. ಅಂಗಡಿಯವರು ನೋಡದೆಯೇ ಔಷಧಿ ಬಾಟಲಿ ಕೊಟ್ಟು ಕಳಿಸಿದರು. ಅದು ಚಿಟ್ಟೆಯ ಮರಿ. ಕರಿಬೇವು, ನಿಂಬೆ ಎಲೆ ತಿಂದು ಬೆಳೆಯುವ ಚಿಟ್ಟೆಗಳ ಹುಳು ಮೊದಲ ದಿನಗಳಲ್ಲಿ ಹಾಗೇ ಕಾಣುತ್ತದೆ. ದಿನಾ ಒಗ್ಗರಣೆಗೆ ಕಿತ್ತು ಹಾಕುವ ಸೊಪ್ಪಿಗೆ ವಿಷ ಹೊಡೆಸಿದಂತಾಯಿತು. ‘ಇನ್ನೊಂದು ಕರಿಬೇವು ಒಯ್ಯಿರಿ, ಒಂದು ನಿಮಗೆ, ಒಂದು ಚಿಟ್ಟೆಗೆ’ ಅಂದಿದ್ದರೆ ಇನ್ನೊಂದು ಗಿಡವೂ ಮಾರಾಟವಾಗುತ್ತಿತ್ತು. ಚಿಟ್ಟೆ ಬರಲಿ ಅಂತಲೇ ಗಿಡ ಕೇಳುವವರು ಈಗ ಇದ್ದಾರೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವ ಈಶ್ವರಿ ಬಳ್ಳಿಯನ್ನು ಎರಡು ಕುಂಡ ಬೆಳೆಸಿಟ್ಟು ನೋಡಿ.

ಹೆಜ್ಜೆ 8: ಕಾಗದ ಪತ್ರ

ಬೇಗ ಹೇಳಿ ಮುಗಿಸುತ್ತೇನೆ. ತರಕಾರಿ ಬೀಜ ಮಾರಲು 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಪರವಾನಗಿ ಬೇಕು. ಕೀಟನಾಶಕಕ್ಕೆ 1968ರ ಕಾಯ್ದೆ, ರಸಗೊಬ್ಬರಕ್ಕೆ 1985ರ ಆದೇಶ ಇದೆ. ದೊಡ್ಡ ಡಬ್ಬದಿಂದ ಔಷಧಿ ಸುರಿದು, ಲೇಬಲ್ ಇಲ್ಲದ ಸಣ್ಣ ಬಾಟಲಿಗೆ ತುಂಬಿ ಕೊಡುವ ರೂಢಿಯನ್ನು ಇವತ್ತೇ ನಿಲ್ಲಿಸಿ. ಗಿಡಕ್ಕೆ ಜಿಎಸ್‌ಟಿ ಇಲ್ಲ, ಪ್ಲಾಸ್ಟಿಕ್ ಕುಂಡಕ್ಕೆ ಇದೆ. ಎರಡನ್ನೂ ಸೇರಿಸಿ ಒಂದೇ ಬೆಲೆಗೆ ಮಾರುವ ಮುಂಚೆ ನಿಮ್ಮ ಆಡಿಟರನ್ನು ಒಂದು ಮಾತು ಕೇಳಿ.

ಎಲ್ಲಿಂದ ಶುರು ಮಾಡಲಿ ಅಂತಿದ್ದರೆ ಆಗಸ್ಟ್ ತಿಂಗಳನ್ನು ಗುರಿ ಇಟ್ಟುಕೊಳ್ಳಿ. ಸ್ವಾತಂತ್ರ್ಯ ದಿನದ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದವರಿಗೆಲ್ಲ ಗಿಡದ ಹುಚ್ಚು ಹತ್ತಿರುತ್ತದೆ. ಮಳೆಯೂ ಇರುತ್ತದೆ, ನೆಟ್ಟದ್ದು ಹಿಡಿಯುತ್ತದೆ. ಜೂನ್‌ನಲ್ಲಿ ನೋಟ್‌ಬುಕ್ ತೆರೆಯಿರಿ. ಜುಲೈ 15ರಿಂದ 20ರ ಒಳಗೆ ಪ್ರೋಟ್ರೇಗೆ ಟೊಮೆಟೊ ಬಿತ್ತಿ. ಆಗಸ್ಟ್ ಎರಡನೇ ವಾರ ಸಸಿ ನಾಟಿಗೆ ಬಂದಿರುತ್ತದೆ. ಮಿಶ್ರಣ ತುಂಬಿದ ಚೀಲಗಳನ್ನು ಗೇಟಿನ ಪಕ್ಕವೇ ಜೋಡಿಸಿಡಿ.