ಶಾಸನ ಕೇಳಿದರೆ ಶಾಸಕರ ದಾರಿ ತೋರಿಸಿದರು

ಜಗಳೂರು ಕಡೆಯ ಒಂದು ಹಳ್ಳಿ. ಬಸ್‌ಸ್ಟ್ಯಾಂಡ್ ಕಟ್ಟೆ ಮೇಲೆ ನಾಲ್ಕೈದು ಜನ ಕೂತಿದ್ದರು. ಬೈಕ್ ನಿಲ್ಲಿಸಿ, "ಇಲ್ಲಿ ಶಾಸನ ಎಲ್ಲಿದೆ ಯಜಮಾನ್ರೇ?" ಅಂತ ಕೇಳಿದೆ. ಒಬ್ಬರು ಬೀಡಿ ಆರಿಸಿ, "ಶಾಸಕರಾ? ಅವರು ಇಲ್ಲೆಲ್ಲಿ ಸಿಗ್ತಾರಪ್ಪ, ದಾವಣಗೆರೆಗೆ ಹೋಗು" ಅಂದರು. ನಾನು ದಾವಣಗೆರೆಯಿಂದಲೇ ಬಂದಿದ್ದೆ.

ಅವತ್ತು ಆ ಕಲ್ಲು ಸಿಗಲಿಲ್ಲ. ಮುಂದಿನ ಸಲ ಹೋದಾಗ ಮಾತು ಬದಲಿಸಿದೆ. "ಅಕ್ಷರ ಇರೋ ಹಳೇ ಕಲ್ಲು ಏನಾದ್ರೂ ಐತಾ?" ಅಂದೆ. ಅದೇ ಕಟ್ಟೆ, ಹೆಚ್ಚುಕಮ್ಮಿ ಅದೇ ಜನ. "ಓ, ಬರಹದ ಕಲ್ಲಾ! ನಮ್ಮ ಎಮ್ಮೆ ಕಟ್ಟೋ ಕಲ್ಲಲ್ವಾ ಅದು" ಅಂತ ಒಬ್ಬ ಅಜ್ಜ ಎದ್ದೇ ಬಂದರು. ಎರಡು ನಿಮಿಷದ ದಾರಿ.

ನಾನು ಇತಿಹಾಸ ಓದಿದವನಲ್ಲ. ಬಿ.ಕಾಂ. ಮಾಡಿ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವನು. ಬಾಕಿ ವಸೂಲಿಗೆ ಹಳ್ಳಿ ಹಳ್ಳಿ ಸುತ್ತೋದು ನನ್ನ ಪಾಲಿಗೆ ಬಂದ ಕೆಲಸ. ಚಿಕ್ಕವನಿದ್ದಾಗ ನನ್ನ ತಲೆಯಲ್ಲಿ ಒಂದು ಲೆಕ್ಕ ಇತ್ತು: ಇತಿಹಾಸ ಅಂದರೆ ದುರ್ಗ, ನಮ್ಮೂರು ಅಂದರೆ ಬೆಣ್ಣೆ ದೋಸೆ ಮತ್ತು ಮಂಡಕ್ಕಿ. ಶಾಲೆಯ ಪ್ರವಾಸದಲ್ಲಿ ಕೋಟೆ ಹತ್ತಿ, ಓಬವ್ವನ ಕಿಂಡಿಯಲ್ಲಿ ತೂರಿ ಬಂದರೆ ಮುಗೀತು.

ಒಂದು ದಿನ ಹರಿಹರದಲ್ಲಿ ಗಿರಾಕಿಯೊಬ್ಬರು ಎರಡು ತಾಸು ಕಾಯಿಸಿದರು. ಹೊತ್ತು ಕಳೆಯಲು ಹರಿಹರೇಶ್ವರ ಗುಡಿಗೆ ಹೋದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು, 1224ರ ಸುಮಾರಿನದು. ಆವರಣದಲ್ಲಿ ಆಳೆತ್ತರದ ಕಲ್ಲುಗಳು, ಮೈತುಂಬ ಅಕ್ಷರ. ಇಷ್ಟು ಸಲ ಬಂದಿದ್ದರೂ ಒಂದು ಸಾಲೂ ಓದಿರಲಿಲ್ಲ. ಕನ್ನಡವೇ, ಆದರೆ ನನಗೆ ಬಾರದ ಕನ್ನಡ. ಮೈ ಉರಿಯಿತು ಅಂದರೂ ಸರಿ.

ಅಲ್ಲಿಂದ ಹುಡುಕುತ್ತಾ ಸಿಕ್ಕಿದ್ದು 'ಎಪಿಗ್ರಾಫಿಯಾ ಕರ್ನಾಟಿಕಾ'. ಮೈಸೂರು ಸಂಸ್ಥಾನದಲ್ಲಿದ್ದ ಬಿ.ಎಲ್. ರೈಸ್ ಜಿಲ್ಲಾವಾರು ಶಾಸನಗಳನ್ನು ಸೇರಿಸಿ ತಂದ ಸಂಪುಟಗಳು. ಚಿತ್ರದುರ್ಗ ಜಿಲ್ಲೆಯದು 11ನೇ ಸಂಪುಟ, 1903ರಲ್ಲಿ ಬಂತು. ಆಗ ದಾವಣಗೆರೆ ಅದರೊಳಗಿನ ಒಂದು ತಾಲ್ಲೂಕು. ಹಳೆಯ ಪುಸ್ತಕವಾದ್ದರಿಂದ ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತದೆ. ಇಲ್ಲಿ ಹೊಸಬರು ಎಡವುತ್ತಾರೆ, ನಾನೂ ಎಡವಿದೆ. ಚನ್ನಗಿರಿ, ಹೊನ್ನಾಳಿಯ ಶಾಸನಗಳನ್ನು ಈ ಸಂಪುಟದಲ್ಲಿ ಒಂದು ವಾರ ಹುಡುಕಿದೆ. ಸಿಗಲಿಲ್ಲ. ಯಾಕೆಂದರೆ ಆ ತಾಲ್ಲೂಕುಗಳು ಆಗ ಶಿವಮೊಗ್ಗಕ್ಕೆ ಸೇರಿದ್ದವು, ಅವು 7ನೇ ಸಂಪುಟದಲ್ಲಿವೆ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಪುಸ್ತಕ ಹಿಡಿಯುವ ಮುಂಚೆ ಹಳೇ ಜಿಲ್ಲೆ ಯಾವುದು ಅಂತ ನೋಡಿಕೊಳ್ಳಿ.

ಪ್ರತಿ ಶಾಸನಕ್ಕೂ ಊರಿನ ಹೆಸರು, ಕಲ್ಲು ಎಲ್ಲಿದೆ ಅನ್ನುವ ಒಂದು ಸಾಲು ಇರುತ್ತದೆ. ಈಶ್ವರ ಗುಡಿ ಮುಂದೆ, ಕೆರೆ ಏರಿ ಮೇಲೆ, ಇಂಥವರ ಹೊಲದಲ್ಲಿ, ಹೀಗೆ. ನಾನು ಮಾಡಿದ್ದು ಇಷ್ಟೇ: ವಸೂಲಿಗೆ ಹೋಗುವ ಊರುಗಳ ಪಟ್ಟಿ ಒಂದು ಕಡೆ, ಪುಸ್ತಕದ ಪಟ್ಟಿ ಇನ್ನೊಂದು ಕಡೆ. ಎರಡರಲ್ಲೂ ಇರುವ ಊರಿಗೆ ಟಿಕ್ಕು. ಪೆಟ್ರೋಲ್ ಹೇಗೂ ಅಂಗಡಿಯದು.

ನೂರಿಪ್ಪತ್ತು ವರ್ಷದಲ್ಲಿ ಕಲ್ಲುಗಳು ಕಾಲು ಬಂದ ಹಾಗೆ ಓಡಾಡಿವೆ. ಒಂದು ಕಡೆ ಗುಡಿಗೆ ಟೈಲ್ಸ್ ಹಾಕುವಾಗ ನೆಲದೊಳಗೆ ಹೋಗಿದೆ. ಇನ್ನೊಂದು ಕಡೆ ಬಟ್ಟೆ ಒಗೆಯುವ ಕಲ್ಲಾಗಿದೆ. ಮತ್ತೊಂದಕ್ಕೆ ನೀಲಿ ಬಣ್ಣ ಬಳಿದು, ಕುಂಕುಮ ಇಟ್ಟು ದೇವರು ಮಾಡಿದ್ದಾರೆ. ಆ ಮೂರನೇದು ಎಷ್ಟೋ ವಾಸಿ. ಓದಲು ಆಗುವುದಿಲ್ಲ, ಆದರೆ ಯಾರೂ ಒಡೆಯುವುದಿಲ್ಲ.

ಅದಕ್ಕೇ ಹೇಳಿದ್ದು, ಕೇಳುವ ಮಾತು ಮುಖ್ಯ. ಇದು ನಾನು ಕಂಡುಹಿಡಿದದ್ದೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದಾಗ ಸರಿಯಾಗಿ ಅರ್ಥ ಆಯಿತು. ಅಲ್ಲಿ ಸುತ್ತಮುತ್ತ ಅಶೋಕನ ಮೂರು ಬಂಡೆ ಶಾಸನಗಳಿವೆ. 1892ರಲ್ಲಿ ರೈಸ್ ಅವನ್ನು ಬೆಳಕಿಗೆ ತಂದರು. ಆದರೆ ಅದಕ್ಕೂ ಮುಂಚೆಯೇ ಊರವರ ಬಾಯಲ್ಲಿ ಮೂರಕ್ಕೂ ಹೆಸರಿತ್ತು. ಬ್ರಹ್ಮಗಿರಿಯದು ಅಕ್ಷರ ಗುಂಡು. ಸಿದ್ದಾಪುರದ್ದು ಎಮ್ಮೆ ತಮ್ಮನ ಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು, ಜಾತ್ರೆಯಲ್ಲಿ ಬಳೆ ಮಾರುವವರು ಅದರ ಮೇಲೆ ಅಂಗಡಿ ಹರಡುತ್ತಿದ್ದರಂತೆ. ಗುಂಡು ಅಂದರೆ ನಮ್ಮ ಕಡೆ ದೊಡ್ಡ ಬಂಡೆ. ಅಶೋಕ ಯಾರು ಅಂತ ಗೊತ್ತಿಲ್ಲದ ಎಮ್ಮೆ ಕಾಯುವವನಿಗೂ ಅದು ಬರೀ ಬಂಡೆ ಅಲ್ಲ ಅಂತ ಗೊತ್ತಿತ್ತು.

ಬ್ರಹ್ಮಗಿರಿಯ ಬಂಡೆ ಮುಂದೆ ನಾನು ಅರ್ಧ ದಿನ ಕೂತಿದ್ದೆ. ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಸುವರ್ಣಗಿರಿಯಿಂದ ಬಂದ ಆಜ್ಞೆ ಅದು. ತಂದೆತಾಯಿಗಳ ಮಾತು ಕೇಳಿ, ಸತ್ಯ ಹೇಳಿ, ಗುರುಗಳನ್ನು ಗೌರವಿಸಿ ಅಂತ ಇದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ನನಗೆ ಹಿಡಿಸಿದ್ದು ಮಾತ್ರ ಕೊನೆಯ ಸಾಲು. ಬರೆದವನು ಚಪಡ ಅಂತ ತನ್ನ ಹೆಸರು ಹಾಕಿದ್ದಾನೆ. ಜೊತೆಗೆ 'ಲಿಪಿಕಾರ' ಅನ್ನುವ ಮಾತನ್ನು ಬಲದಿಂದ ಎಡಕ್ಕೆ, ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಇದ್ದದ್ದು ಗಾಂಧಾರದ ಕಡೆ. ಅಷ್ಟು ದೂರದ ಲಿಪಿ ಕಲಿತ ಮನುಷ್ಯ ನಮ್ಮ ಈ ಬಿಸಿಲ ಗುಡ್ಡದಲ್ಲಿ ಕೂತು ರಾಜನ ಮಾತೆಲ್ಲ ಕೆತ್ತಿಸಿ, ಕೊನೆಗೆ ಒಂದೇ ಒಂದು ಪದದಲ್ಲಿ ತನ್ನ ಜಂಬ ತೋರಿಸಿಕೊಂಡಿದ್ದಾನೆ. ರಾಜನಿಗಿಂತ ಇವನೇ ನನಗೆ ಹತ್ತಿರದವನು ಅನ್ನಿಸಿದ.

ಓದುವುದನ್ನು ಹೇಗೆ ಕಲಿತೆ ಅಂತ ಜಾಸ್ತಿ ಜನ ಕೇಳುತ್ತಾರೆ. ಗುರು ಇರಲಿಲ್ಲ. ಹರಿಹರದ ಕಲ್ಲಿನ ಮುಂದೆ ಪುಸ್ತಕದ ಕನ್ನಡ ಪಾಠ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೊಂದಿಸಿದೆ. ಶಾಸನಗಳಲ್ಲಿ ಕೆಲವು ಮಾತು ಪದೇ ಪದೇ ಬರುತ್ತವೆ. ಮೊದಲಲ್ಲಿ 'ನಮಸ್ತುಂಗ ಶಿರಶ್ಚುಂಬಿ' ಶ್ಲೋಕ, ಆಮೇಲೆ 'ಸ್ವಸ್ತಿ', ಕೊನೆಯಲ್ಲಿ ಶಾಪ. ಇವು ಬಾಯಿಗೆ ಬಂದರೆ ಅರ್ಧ ಅಕ್ಷರಮಾಲೆ ಕೈಗೆ ಬಂದ ಹಾಗೆ. ಹಳೇ ಬರವಣಿಗೆಯಲ್ಲಿ ಎ-ಏ, ಒ-ಓ ಬೇರೆ ಬೇರೆ ತೋರಿಸುವುದಿಲ್ಲ. ಮ ಮತ್ತು ವ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಶಕ ವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ. ನಾನು ಮೊದಲ ತಿಂಗಳೆಲ್ಲ ಕಳೆಯುತ್ತಿದ್ದೆ, ಬಿ.ಕಾಂ. ಓದಿದ್ದಕ್ಕೆ ಸಾರ್ಥಕ. ಸಂವತ್ಸರ ಕೊಟ್ಟಿದ್ದರೆ ಅರವತ್ತರ ಲೆಕ್ಕದಲ್ಲಿ ತಾಳೆ ನೋಡಬಹುದು. 2004ರ ಯುಗಾದಿಗೆ ಬಂದದ್ದು ತಾರಣ. ಹದಿಮೂರು ಸುತ್ತು ಹಿಂದೆ ಹೋದರೆ 1224, ಅದೂ ತಾರಣವೇ.

ಇನ್ನು ನಾನು ಮಾಡಿದ ದೊಡ್ಡ ತಪ್ಪು. ಶುರುವಿನಲ್ಲಿ ಚಾಕ್‌ಪೀಸ್ ಒಯ್ಯುತ್ತಿದ್ದೆ. ಅಕ್ಷರದ ಗೆರೆ ಮೇಲೆ ಬಿಳಿ ತಿದ್ದಿ ಫೋಟೋ ತೆಗೆದರೆ ಚಂದ ಕಾಣುತ್ತದೆ. ಒಂದು ಕಲ್ಲಿನ ಫೋಟೋವನ್ನು ಹೀಗೆ ತೆಗೆದು, ತಿಂಗಳಾದ ಮೇಲೆ ಪುಸ್ತಕಕ್ಕೆ ಹೋಲಿಸಿದೆ. ಎರಡು ಸಾಲು ಹೊಂದಲೇ ಇಲ್ಲ. ರೈಸ್ ಸಾಹೇಬರೇ ತಪ್ಪಿದ್ದಾರೆ ಅಂತ ಎರಡು ದಿನ ಬೀಗಿದೆ. ಮತ್ತೆ ಹೋಗಿ ನೋಡಿದರೆ ಮಳೆಗೆ ಚಾಕ್ ತೊಳೆದುಹೋಗಿತ್ತು, ಅಕ್ಷರ ಪುಸ್ತಕದಲ್ಲಿದ್ದ ಹಾಗೇ ಇತ್ತು. ನಾನು ತಿದ್ದಿದ್ದು ಕಲ್ಲಿನ ಅಕ್ಷರವನ್ನಲ್ಲ, ನನ್ನ ಊಹೆಯನ್ನು. ಕಲ್ಲಿನ ಬಿರುಕಿಗೂ ಕೊಂಬು ಕೊಟ್ಟಿದ್ದೆ.

ಈಗ ಕಲ್ಲಿಗೆ ಏನನ್ನೂ ಹಚ್ಚುವುದಿಲ್ಲ. ಒಂದು ಬಾಟಲಿ ನೀರು, ಮೆತ್ತನೆ ಬಟ್ಟೆ, ಒಂದು ಟಾರ್ಚ್. ಧೂಳು ಒರೆಸಿ, ಸಂಜೆ ಬಿಸಿಲು ಓರೆಯಾಗಿ ಬೀಳುವ ತನಕ ಕಾಯುತ್ತೇನೆ. ನಡು ಮಧ್ಯಾಹ್ನ ಬೋಳಾಗಿ ಕಾಣುವ ಕಲ್ಲು ಐದು ಗಂಟೆಗೆ ಮಾತಾಡಲು ಶುರು ಮಾಡುತ್ತದೆ. ನೆರಳಲ್ಲಿರುವ ಕಲ್ಲಾದರೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗುವ ಹಾಗೆ ಹಿಡಿಯಬೇಕು. ಎದುರಿಂದ ಹಿಡಿದರೆ ಏನೂ ಕಾಣುವುದಿಲ್ಲ.

ಆದರೆ ಕತ್ತಲಲ್ಲಿ ಟಾರ್ಚ್ ಹಿಡಿದು ಹಳೇ ಗುಡಿ ಹತ್ತಿರ ಕೂತವನನ್ನು ನಮ್ಮ ಕಡೆ ಏನಂತ ತಿಳಿಯುತ್ತಾರೆ ಹೇಳಿ? ನಿಧಿ ಕಳ್ಳ. ನಿಧಿ ಆಸೆಗೆ ಗುಡಿ ಗರ್ಭಗುಡಿ, ಬಸವಣ್ಣನ ಬುಡ ಅಗೆದ ಕಥೆ ಊರೂರಲ್ಲೂ ಇದೆ. ಒಮ್ಮೆ ಐದಾರು ಹುಡುಗರು ನನ್ನ ಬೈಕ್ ಕೀ ಕಿತ್ತುಕೊಂಡು ಕೂರಿಸಿದ್ದರು. ಗೊಬ್ಬರದ ಬಿಲ್ ಪುಸ್ತಕ ತೋರಿಸಿ ತಪ್ಪಿಸಿಕೊಂಡೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಹುಡುಗರು ಇರುವ ಊರಲ್ಲೇ ಕಲ್ಲು ಉಳಿಯೋದು. ಆಮೇಲಿಂದ ಊರಿನ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳದೆ ಟಾರ್ಚ್ ಹೊತ್ತಿಸುವುದಿಲ್ಲ.

ಎಲ್ಲಾ ಕಡೆ ಓದಲು ಅಕ್ಷರ ಇರಲೇಬೇಕು ಅಂತಿಲ್ಲ. ವೀರಗಲ್ಲನ್ನು ಕೆಳಗಿಂದ ಮೇಲೆ ನೋಡಿ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಚನ್ನಗಿರಿ ಕಡೆ ಹೋದರೆ ಹೊದಿಗೆರೆಯಲ್ಲಿ ಇಳಿಯಿರಿ. ಶಿವಾಜಿಯ ತಂದೆ ಷಹಾಜಿ 1664ರಲ್ಲಿ ಅಲ್ಲೇ ಕುದುರೆಯಿಂದ ಬಿದ್ದು ತೀರಿಕೊಂಡದ್ದು, ಸಮಾಧಿ ಅಲ್ಲೇ ಇದೆ. ಸಂತೇಬೆನ್ನೂರಿನ ಪುಷ್ಕರಣಿ ಹೇಗೂ ಎಲ್ಲರೂ ನೋಡುತ್ತಾರೆ.

ಎಮ್ಮೆ ಕಟ್ಟುವ ಕಲ್ಲಿನ ಕಥೆ ಅರ್ಧಕ್ಕೇ ನಿಂತಿತ್ತು. ಸಂಜೆ ಬಿಸಿಲಿಗೆ ಅದನ್ನು ಕಷ್ಟಪಟ್ಟು ಓದಿದೆ. ಗುಡಿಯ ದೀಪಕ್ಕೆ ಭೂಮಿ ಬಿಟ್ಟ ದಾನ. ಕೊನೆಗೆ ಮಾಮೂಲಿ ಶಾಪ: ದಾನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅಂತ. ಸುತ್ತ ಸೇರಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕವು. ಅಜ್ಜ ಮಾತ್ರ ನಗಲಿಲ್ಲ. "ಇಷ್ಟು ದಿನ ಇದು ನಮ್ಮನ್ನೇ ಬೈತಿತ್ತಾ?" ಅಂದರು. "ನೀವೇನು ಭೂಮಿ ಕಿತ್ತಿಲ್ಲವಲ್ಲ ಅಜ್ಜ" ಅಂತ ಸಮಾಧಾನ ಹೇಳಿ ಬಂದೆ.

ದಸರೆ ಕಳೆದು ಬಾಕಿ ಕೇಳಲು ಮತ್ತೆ ಹೋದಾಗ ಎಮ್ಮೆ ಬೇವಿನ ಮರದ ಕೆಳಗಿತ್ತು. ಕಲ್ಲಿನ ಬುಡ ಗುಡಿಸಿತ್ತು. ಶಾಪಕ್ಕೆ ಹೆದರಿದ್ರಾ ಅಂತ ಕೇಳಿದೆ. "ಥೂ, ಅದಕ್ಕಲ್ಲ. ಇಲ್ಲಿ ನೆರಳು ಜಾಸ್ತಿ" ಅಂದರು ಅಜ್ಜ.