ಮಂಜಿನಡಿಯ ಫಾಲ್ಟ್ ಗುರುತಿಸುವುದು ಹೇಗೆ?

ಹಾಸನ, ಚಿಕ್ಕಮಗಳೂರು ಕಡೆಯ ಭೂವಿಜ್ಞಾನ ವಿದ್ಯಾರ್ಥಿಗಳು ಅಂಟಾರ್ಕ್ಟಿಕಾದ ಕಾಂತೀಯ ನಕ್ಷೆ ಹಿಡಿದು, ಕಂಡ ಗೆರೆಗೆಲ್ಲ ಫಾಲ್ಟ್ ಅಂತ ಹೆಸರು ಬರೆಯುವುದನ್ನು ಬಹಳ ಸಲ ನೋಡಿದ್ದೇನೆ. ಅದಕ್ಕೇ ಈ ಲೇಖನ. ಫಾಲ್ಟ್ ಅಂದರೆ ನೆಲದಡಿಯ ಕಲ್ಲು ಸೀಳಿ, ಎರಡು ಬದಿಗಳು ಒಂದಕ್ಕೊಂದು ಸರಿದ ಜಾಗ.

ಮೊದಲು ಮಾಹಿತಿ ತನ್ನಿ. ವಿಮಾನ, ಹಡಗುಗಳ ಕಾಂತೀಯ ಸಮೀಕ್ಷೆಗಳನ್ನು ಕೂಡಿಸಿದ ಅಡ್‌ಮ್ಯಾಪ್-2 ಸಂಕಲನ 2018ರಲ್ಲಿ ಬಂತು. ಚೌಕ ಚೌಕಕ್ಕೂ ಅಳತೆ ಬರೆದಿಟ್ಟ ಗ್ರಿಡ್ ಫೈಲನ್ನೇ ಇಳಿಸಿಕೊಳ್ಳಿ. ಜೆಪೆಗ್ ಚಿತ್ರದಿಂದ ಕೆಲಸ ಆಗುವುದಿಲ್ಲ, ಅದರಲ್ಲಿ ಬಣ್ಣ ಇರುತ್ತದೆ, ಅಳತೆ ಇರುವುದಿಲ್ಲ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಉಚಿತ, ಅದರಲ್ಲಿ ತೆರೆಯಿರಿ. ಕಾಮನಬಿಲ್ಲಿನ ಬಣ್ಣ ಬೇಡ, ಬೂದು ಛಾಯೆ ಇಟ್ಟುಕೊಳ್ಳಿ. ಇಲ್ಲದ ಅಂಚನ್ನು ಬಣ್ಣ ತೋರಿಸುತ್ತದೆ.

ಮಂಜುಗಡ್ಡೆಗೆ ಕಾಂತತೆ ಇಲ್ಲವೆನ್ನುವಷ್ಟು ಕಡಿಮೆ. ಕಾಂತತೆ ಅಳೆಯುವ ವಿಮಾನದ ಮ್ಯಾಗ್ನೆಟೋಮೀಟರಿಗೆ ಸಿಗುವುದು ಮುಖ್ಯವಾಗಿ ಕೆಳಗಿನ ಕಲ್ಲಿನ ಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜದ ಪ್ರಭಾವ. ನಮ್ಮ ಬಾಬಾಬುಡನ್‌ಗಿರಿಯ ಕಬ್ಬಿಣದ ಕಲ್ಲಿನಲ್ಲಿರುವುದೂ ಅದೇ ಖನಿಜ.

ಎಡವುವುದೆಲ್ಲ ಇನ್ನು ಮುಂದೆ. ಗೆರೆ ಕಂಡ ಕೂಡಲೇ ವಿಮಾನ ಹಾರಿದ ಹಾದಿಯ ಫೈಲನ್ನು ಮೇಲಿಡಿ. ಗೆರೆ ಹಾದಿಗೆ ಸಮಾನಾಂತರವಾಗಿ ಓಡುತ್ತಿದ್ದರೆ ಅನುಮಾನಪಡಿ. ಪಕ್ಕಪಕ್ಕದ ಹಾದಿಗಳ ಅಳತೆ ಸರಿಯಾಗಿ ಹೊಂದದಿದ್ದರೆ ಇಂಥ ಪಟ್ಟೆ ಬೀಳುತ್ತದೆ. ಧ್ರುವದ ಹತ್ತಿರ ಕಾಂತೀಯ ಬಿರುಗಾಳಿ ಜಾಸ್ತಿ, ಅದರಿಂದಲೂ ಅಳತೆ ಏರುಪೇರಾಗುತ್ತದೆ. ಅಳತೆ ಥಟ್ಟನೆ ಬದಲಾಗುವ ಜಾಗವನ್ನು ಎತ್ತಿ ತೋರಿಸುವ ಡಿರೈವೇಟಿವ್ ಫಿಲ್ಟರ್ ಹಾಕಿದರೆ ಫಾಲ್ಟೂ ಎದ್ದು ಕಾಣುತ್ತದೆ, ಈ ಕೊಳೆಯೂ ಎದ್ದು ಕಾಣುತ್ತದೆ. ಸುಮ್ನೆ ಮತ್ತೆ ಮತ್ತೆ ಹಾಕಬೇಡಿ.

ಏರಿಳಿತ ಉಬ್ಬುತಗ್ಗಾಗಿ ಕಾಣಲೆಂದು ನಕ್ಷೆಗೆ ನೆರಳು ಹಾಕಿ ನೋಡುವುದಾದರೆ ಬೆಳಕನ್ನು ಬೇರೆ ಬೇರೆ ದಿಕ್ಕಿನಿಂದ ಬಿಡಿ. ಬೆಳಕಿನ ದಿಕ್ಕಿಗೇ ಚಾಚಿದ ಫಾಲ್ಟ್ ಮರೆಯಾಗಿಬಿಡುತ್ತದೆ.

ಆಮೇಲೆ ಮಂಜಿನ ದಪ್ಪ. ಕೆಲವು ಕಡೆ ಅದು 4 ಕಿಲೋಮೀಟರಿಗೂ ಹೆಚ್ಚು. ವಿಮಾನದಿಂದ ಕಲ್ಲು ದೂರವಾದಷ್ಟೂ ಕಾಂತತೆಯ ಸಣ್ಣ ಏರಿಳಿತಗಳು ಅಳಿಸಿಹೋಗುತ್ತವೆ. ಒಂದು ಕಡೆ ಒರಟು, ಇನ್ನೊಂದು ಕಡೆ ನುಣುಪು ಕಂಡರೆ ನಡುವೆ ಫಾಲ್ಟ್ ಇರಲೇಬೇಕೆಂದಿಲ್ಲ, ಅಲ್ವಾ? ರೇಡಾರಿನಿಂದ ಅಳೆದ ದಪ್ಪದ ನಕ್ಷೆ ಪಕ್ಕದಲ್ಲಿಡಿ. ಇನ್ನೂ ಎತ್ತರದಿಂದ ಅಳೆದಿದ್ದರೆ ಹೇಗೆ ಕಾಣುತ್ತಿತ್ತೆಂದು ಹೇಳುವ ಅಪ್‌ವರ್ಡ್ ಕಂಟಿನ್ಯುಯೇಶನ್ ಲೆಕ್ಕದಿಂದ ತೆಳು ಮಂಜಿನ ಕಡೆಯ ಮಾಹಿತಿಯನ್ನು ಮೇಲಕ್ಕೆತ್ತಿ, ಎರಡೂ ಕಡೆ ಕಲ್ಲಿನಿಂದ ಒಂದೇ ದೂರಕ್ಕೆ ತಂದು ಹೋಲಿಸಿ. ಈ ಹೆಜ್ಜೆಯನ್ನು ಹಾರಿಸಬೇಡಿ.

ಇನ್ನೊಂದು ಮಾತು. ಅಂಟಾರ್ಕ್ಟಿಕಾದಲ್ಲಿ ಭೂಮಿಯ ಕಾಂತಕ್ಷೇತ್ರ ಕಡಿದಾಗಿ ನಿಲ್ಲುವುದರಿಂದ ಏರಿಳಿತ ಹೆಚ್ಚುಕಡಿಮೆ ಕಲ್ಲಿನ ನೆತ್ತಿಯ ಮೇಲೇ ಕಾಣುತ್ತದೆ. ಹಾಸನ ಕಾಂತೀಯ ಸಮಭಾಜಕಕ್ಕೆ ಹತ್ತಿರ. ಇಲ್ಲಿ ಅದೇ ಕಲ್ಲು ಬೇರೆ ರೂಪದಲ್ಲಿ ಕಾಣುತ್ತದೆ. ಊರಿನ ನಕ್ಷೆ ಓದಿದ ಅಭ್ಯಾಸವನ್ನು ಅಲ್ಲಿಗೆ ಒಯ್ಯಬೇಡಿ.

ಒಂದೇ ಗೆರೆಯಲ್ಲಿ ನಕ್ಷೆಯ ಹಲವು ಕಾಂತೀಯ ಪಟ್ಟಿಗಳು ತುಂಡಾಗಿ ಒಂದೇ ಕಡೆಗೆ ಸರಿದಿದ್ದರೆ, ಗುರುತ್ವ ನಕ್ಷೆಯೂ ಹೌದೆಂದರೆ, ಗಟ್ಟಿ ಗೆರೆ ಎಳೆಯಿರಿ. ಉಳಿದವಕ್ಕೆ ಚುಕ್ಕಿ ಗೆರೆ ಸಾಕು.