ಮಲೆನಾಡಿನ ಮನೆಗೆ ನಾಯಿಯ ಎಲೆಕ್ಟ್ರಾನಿಕ್ ಬೇಲಿ: ಹಾಕಿಸುವ ಮೊದಲು ಯೋಚಿಸಬೇಕಾದದ್ದು

ಮಲೆನಾಡಿನ ಒಂಟಿಮನೆಗೆ ಸುತ್ತಲೂ ಗೋಡೆ ಕಟ್ಟಿಸುವುದು ಸುಲಭದ ಕೆಲಸವಲ್ಲ. ಅಂಗಳ ಮುಗಿಯುವಲ್ಲಿ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ನಡುವೆ ಗಡಿಯೆಂದು ಇರುವುದು ಒಂದು ಅಗಳ (ಕಂದಕ), ಒಂದು ದಣಪೆ (ಗಳು ಸರಿಸಿ ದಾಟುವ ಬೇಲಿಬಾಗಿಲು). ಹೀಗಾಗಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ನಾಯಿ ಹಗಲಿಡೀ ಸರಪಳಿಯಲ್ಲಿರುತ್ತದೆ, ಇಲ್ಲವೇ ಊರೆಲ್ಲ ಅಲೆಯುತ್ತದೆ. ಎಲೆಕ್ಟ್ರಾನಿಕ್ ಬೇಲಿ ಈ ಎರಡರ ನಡುವಿನ ದಾರಿಯಂತೆ ಕಾಣುವುದು ಸಹಜ. ಆದರೆ ಅದು ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ ಎಂಬುದನ್ನು ತಿಳಿದೇ ದುಡ್ಡು ಹಾಕಬೇಕು.

ಮೊದಲಿಗೆ, ಇದು ಕಾಡುಹಂದಿಗೆಂದು ತೋಟಕ್ಕೆ ಹಾಕುವ ಸೋಲಾರ್ ಬೇಲಿಯಲ್ಲ. ಗಡಿಯುದ್ದಕ್ಕೂ ನೆಲದಲ್ಲಿ ಹೂತ ತಂತಿಯ ಮೂಲಕ ಮನೆಯೊಳಗಿನ ಟ್ರಾನ್ಸ್‌ಮಿಟರ್ ಒಂದು ರೇಡಿಯೋ ಸಂಕೇತವನ್ನು ಕಳಿಸುತ್ತದೆ. ನಾಯಿಯ ಕೊರಳಪಟ್ಟಿಯಲ್ಲಿರುವ ಗ್ರಾಹಕ ಅದನ್ನು ಹಿಡಿದು ಮೊದಲು ಬೀಪ್ ಎನ್ನುತ್ತದೆ, ನಾಯಿ ಇನ್ನೂ ಮುಂದೆ ಹೋದರೆ ಎರಡು ಲೋಹದ ಮೊಳೆಗಳ ಮೂಲಕ ಕುತ್ತಿಗೆಗೆ ಸಣ್ಣ ಷಾಕ್ ಕೊಡುತ್ತದೆ. ಹೂತ ತಂತಿಯನ್ನು ಮುಟ್ಟಿದರೆ ಯಾರಿಗೂ ಏನೂ ಆಗುವುದಿಲ್ಲ. ಇದರ ಬದಲಿಗೆ ಮನೆಯ 230 ವೋಲ್ಟ್ ಕರೆಂಟನ್ನೇ ತಂತಿಗೆ ಕೊಡುವ ಯೋಚನೆ ಯಾರಿಗೂ ಬರಬಾರದು. ಅದು ನಾಯಿಯನ್ನೂ ದನವನ್ನೂ ತೋಟಕ್ಕೆ ಬಂದ ಮನುಷ್ಯರನ್ನೂ ಕೊಲ್ಲುತ್ತದೆ.

ಅನುಕೂಲಗಳು ನಿಜವಾದವೇ. ಸರಪಳಿ ಬಿಚ್ಚಿದ ನಾಯಿ ಅಂಗಳ, ಕೊಟ್ಟಿಗೆ, ಕಣವನ್ನೆಲ್ಲ ಸುತ್ತಿಕೊಂಡು ಇರಬಲ್ಲದು. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಕ್ರೌರ್ಯವೆಂದೇ ಎಣಿಸುತ್ತದೆ. ಏರುತಗ್ಗಿನ ಜಾಗಕ್ಕೆ ಜಾಲರಿ ಬೇಲಿ ಹಾಕಿಸುವುದಕ್ಕಿಂತ ಇದರ ಖರ್ಚು ಸಾಮಾನ್ಯವಾಗಿ ಕಡಿಮೆ. ನಾಯಿ ಕಾಡಿಗೆ ನುಗ್ಗುವುದು ಕಡಿಮೆಯಾದರೆ ಮೊಲ, ಕಾಡುಕೋಳಿಗಳ ಜೀವ ಉಳಿಯುತ್ತದೆ, ಅದರ ಮೈಗೆ ಹತ್ತಿ ಮನೆಗೆ ಬರುವ, ರಕ್ತ ಹೀರುವ ಉಣುಗುಗಳೂ ಕಡಿಮೆಯಾಗುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದರಿಂದ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಕೊರತೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಚಿರತೆಯ ವಿಷಯ. ಈ ಬೇಲಿ ಕೊರಳಪಟ್ಟಿ ಕಟ್ಟಿಕೊಂಡ ಪ್ರಾಣಿಯನ್ನಲ್ಲದೆ ಬೇರೆ ಯಾವುದನ್ನೂ ತಡೆಯುವುದಿಲ್ಲ. ಚಿರತೆ, ಬೀದಿನಾಯಿಗಳ ಗುಂಪು, ಹುಚ್ಚು ಹಿಡಿದ ನಾಯಿ, ಇವೆಲ್ಲ ಗಡಿಯೇ ಇಲ್ಲವೆಂಬಂತೆ ಒಳಗೆ ಬರುತ್ತವೆ, ಓಡಿ ತಪ್ಪಿಸಿಕೊಳ್ಳಬೇಕಾದ ನಮ್ಮ ನಾಯಿ ಮಾತ್ರ ಷಾಕಿಗೆ ಹೆದರಿ ಒಳಗೇ ಸಿಕ್ಕಿಬೀಳುತ್ತದೆ. ಆದ್ದರಿಂದ ಇದು ಹಗಲಿನ ಬೇಲಿ ಮಾತ್ರ. ಸಂಜೆಗತ್ತಲಾಗುವ ಮೊದಲೇ ನಾಯಿಯನ್ನು ಬಾಗಿಲಿರುವ ಗಟ್ಟಿ ಗೂಡಿಗೋ ಮನೆಯೊಳಗೋ ಸೇರಿಸಲಾಗದವರು ಇದನ್ನು ಹಾಕಿಸಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಎರಡನೆಯದು ನಾಯಿಯ ಸ್ವಭಾವ. ಷಾಕ್ ತಗುಲಿದ ಗಳಿಗೆಯಲ್ಲಿ ಕಣ್ಣೆದುರು ಯಾರಿದ್ದರೋ ಅವರಿಂದಲೇ ನೋವಾಯಿತೆಂದು ನಾಯಿ ತಿಳಿಯಬಹುದು. ಅಡಿಕೆ ಕೊನೆ ಇಳಿಸಲು ದಣಪೆ ದಾಟಿ ಬರುವ ಕೊನೆಗಾರನ ಮೇಲೆ, ಶಾಲೆಗೆ ಹೋಗುವ ಮಕ್ಕಳ ಮೇಲೆ ಅದುವರೆಗೆ ಸುಮ್ಮನಿದ್ದ ನಾಯಿ ಎರಗತೊಡಗಿದರೆ ಕಾರಣ ಇದಿರಬಹುದು. ಅಂಜುಬುರುಕ ನಾಯಿ ಅಂಗಳಕ್ಕೆ ಇಳಿಯುವುದನ್ನೇ ಬಿಡುತ್ತದೆ. ಮುಧೋಳದಂಥ ಓಟದ ನಾಯಿ ಮೊಲ ಕಂಡರೆ ಷಾಕನ್ನೂ ಲೆಕ್ಕಿಸದೆ ಗಡಿ ದಾಟಿಬಿಡುತ್ತದೆ, ಆವೇಶ ಇಳಿದ ಮೇಲೆ ಅದೇ ಷಾಕಿಗೆ ಹೆದರಿ ಹೊರಗೇ ನಿಲ್ಲುತ್ತದೆ. ವೇಲ್ಸ್ ದೇಶದಲ್ಲಿ ಷಾಕ್ ಕೊಡುವ ಕೊರಳಪಟ್ಟಿಗಳನ್ನು 2010ರಲ್ಲೇ ನಿಷೇಧಿಸಿರುವುದನ್ನೂ ನೆನಪಿಡಬೇಕು. ಬೀಪ್ ಮತ್ತು ಕಂಪನ ಮಾತ್ರ ಇರುವ ಪಟ್ಟಿಗಳು ಸಿಗುತ್ತವೆ. ಮಾತು ಕೇಳುವ ನಾಯಿಗೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಹಾಕಿಸುವುದೆಂದು ತೀರ್ಮಾನಿಸಿದರೆ, ಉಪಗ್ರಹ ಆಧಾರಿತ ಜಿಪಿಎಸ್ ಪಟ್ಟಿಯನ್ನು ನಮ್ಮ ಕಡೆ ನಂಬಬೇಡಿ. ದಟ್ಟ ಮರಗಳ ಕೆಳಗೆ ಅದರ ಗಡಿ ಹಲವು ಮೀಟರ್ ಅತ್ತಿತ್ತ ಸರಿಯುತ್ತದೆ. ತಂತಿಯದೇ ಇರಲಿ. ತಂತಿ ತೋಟದೊಳಗೆ ಹೋದರೆ ಗುದ್ದಲಿಗೋ ಕಳೆ ಕೊಚ್ಚುವ ಯಂತ್ರಕ್ಕೋ ಸಿಕ್ಕಿ ತುಂಡಾಗುವುದು ಖಂಡಿತ, ಆದ್ದರಿಂದ ಅಂಗಳ ಮತ್ತು ಕೊಟ್ಟಿಗೆಯ ಸುತ್ತಲಷ್ಟೇ ಸಾಲದೇ ಎಂದು ಕೇಳಿಕೊಳ್ಳಿ. ಕಾಲುದಾರಿ ದಾಟುವಲ್ಲಿ ತಂತಿಯನ್ನು ಪೈಪಿನೊಳಗೆ ಹಾಯಿಸಿ. ಮೂಲೆಗಳಲ್ಲಿ ಅದನ್ನು ಚೂಪಾಗಿ ಮುರಿಯದೆ ಬಾಗಿಸಿ. ವಿದ್ಯುತ್ ತಂತಿಗಳ ಜೊತೆಜೊತೆಗೇ ಅದನ್ನು ಎಳೆಯಬೇಡಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ದಿನದ ಮಾತಾದ್ದರಿಂದ ಬ್ಯಾಟರಿ ಬೆಂಬಲ ಇಲ್ಲದ ಟ್ರಾನ್ಸ್‌ಮಿಟರ್ ಕೊಳ್ಳಬೇಡಿ. ಗುಡುಗು ಮಿಂಚು ಶುರುವಾದರೆ ನಾಯಿಯನ್ನು ಒಳಗೆ ಕರೆದು, ಉಪಕರಣವನ್ನು ಪ್ಲಗ್ಗಿನಿಂದಲೂ ಹೂತ ತಂತಿಯಿಂದಲೂ ಕಳಚಿಡಿ.

ತರಬೇತಿಗೆ ಕನಿಷ್ಠ ಎರಡು ವಾರ ಬೇಕು. ಗಡಿಯುದ್ದಕ್ಕೂ ಸಣ್ಣ ಬಾವುಟಗಳನ್ನು ನೆಟ್ಟು, ಷಾಕ್ ಆರಿಸಿಟ್ಟು, ನಾಯಿಯನ್ನು ಹಗ್ಗದಲ್ಲಿ ಹಿಡಿದು ದಿನಕ್ಕೆ ಎರಡು ಮೂರು ಬಾರಿ ಹತ್ತು ಹತ್ತು ನಿಮಿಷ ಅಲ್ಲಿಗೆ ಕರೆದೊಯ್ಯಿರಿ. ಬೀಪ್ ಕೇಳಿದ ಕೂಡಲೇ ಹಿಂದೆ ಕರೆದು, ಬಂದರೆ ತಿನ್ನಲು ಕೊಡಿ. ಆರು ತಿಂಗಳು ತುಂಬದ ಮರಿಗೆ ಇದು ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊರಳಪಟ್ಟಿಯ ಮೇಲೆ ವಿಶೇಷ ಕಣ್ಣಿರಲಿ. ಒದ್ದೆ ಕೂದಲನ್ನು ಬೆರಳಿನಿಂದ ಸರಿಸಿ ನೋಡಿದರೆ ಮೊಳೆಗಳು ಒತ್ತಿದಲ್ಲಿ ಎರಡು ಕೆಂಪು ಚುಕ್ಕೆಗಳು ಕಾಣಬಹುದು. ಅವನ್ನು ಹಾಗೇ ಬಿಟ್ಟರೆ ಹುಣ್ಣಾಗಿ ಕೀವು ತುಂಬುತ್ತದೆ. ಪಟ್ಟಿ ಮತ್ತು ಚರ್ಮದ ನಡುವೆ ಒಂದು ಬೆರಳು ತೂರುವಷ್ಟು ಸಡಿಲವಿರಬೇಕು, ದಿನಕ್ಕೆ ಎಂಟು ಹತ್ತು ಗಂಟೆಗಿಂತ ಹೆಚ್ಚು ಹೊತ್ತು ಅದು ಕೊರಳಲ್ಲಿರಬಾರದು. ರಾತ್ರಿ ಗೂಡಿಗೆ ಸೇರಿಸುವಾಗ ಪಟ್ಟಿ ಬಿಚ್ಚಿ, ಕುತ್ತಿಗೆ ಒರೆಸಿ, ಕಿವಿಯ ಹಿಂದೆ ಉಣುಗು ಇದೆಯೇ ಎಂದು ನೋಡಿ. ಚರ್ಮ ಕೆಂಪಾಗಿದ್ದರೆ ಅದು ಮಾಯುವವರೆಗೆ ಪಟ್ಟಿ ಕಟ್ಟಬೇಡಿ. ಅಷ್ಟು ದಿನ ನಾಯಿಯನ್ನು ಹಗ್ಗದಲ್ಲಿ ಹಿಡಿದು ಬೆಳಿಗ್ಗೆ ಸಂಜೆ ನೀವೇ ತಿರುಗಾಡಿಸಬೇಕಾಗುತ್ತದೆ.